ಕೈಗೆಟುಕುವ ಪುಸ್ತಕ

ಸುಮಾರು ಮೂವತ್ತು ವರ್ಷಗಳ ಹಿಂದಿನ ಮಾತು. ಆಗ ನಾನು ಜಿಲ್ಲಾ ಕೇಂದ್ರವೊಂದರ ಕಾಲೇಜಿನಲ್ಲಿ ಕನ್ನಡ ಅಧ್ಯಾಪಕನಾಗಿದ್ದೆ. ನಮ್ಮ ಬೀದಿಯ ಕೊನೆಯ ಮನೆಗೆ ಬಂಗಾಳದ ಬ್ಯಾಂಕ್ ಅಧಿಕಾರಿಯೊಬ್ಬರು ವರ್ಗವಾಗಿ ಬಂದು ನೆಲೆಸಿದರು. ಸೌಜನ್ಯವಂತರು, ಓದಿನ ರುಚಿಯುಳ್ಳವರು. ಬಂದ ಆರು ತಿಂಗಳೊಳಗೆ ಅಂಗಡಿಯ ಕನ್ನಡವನ್ನು ಕಲಿತರು; ಬಸ್ಸಿನ ಫಲಕಗಳನ್ನು ನೋಡಿ ನೋಡಿ ಅಕ್ಷರವನ್ನೂ ಕೂಡಿಸಿಕೊಂಡರು. ಒಂದು ಸಂಜೆ ಮನೆಗೆ ಬಂದು, “ಸಾರ್, ಓದುವುದಕ್ಕೆ ಒಂದು ಕನ್ನಡ ಪುಸ್ತಕ ಕೊಡಿ” ಎಂದು ಕೇಳಿದರು.

ನನಗೆ ಹಿಡಿಸಲಾರದಷ್ಟು ಸಂತೋಷವಾಯಿತು. ಪರಭಾಷೆಯವರೊಬ್ಬರು ಕನ್ನಡವನ್ನು ಕೇಳಿಕೊಂಡು ಮನೆಬಾಗಿಲಿಗೆ ಬಂದಿರುವಾಗ ನಮ್ಮಲ್ಲಿರುವ ಅತ್ಯುತ್ತಮವಾದುದನ್ನೇ ಕೊಡಬೇಕಲ್ಲವೆ? ಕುಮಾರವ್ಯಾಸ ಭಾರತದ ಆಯ್ದ ಭಾಗಗಳ ಸಂಗ್ರಹವೊಂದನ್ನು ಅವರ ಕೈಯಲ್ಲಿಟ್ಟೆ. ಹದಿನೈದು ದಿನಗಳ ಮೇಲೆ ಅದು ಅಚ್ಚುಕಟ್ಟಾಗಿ ಕಾಗದದ ಹೊದಿಕೆ ಹಾಕಿಸಿಕೊಂಡು ನನ್ನ ಮನೆಗೆ ಹಿಂದಿರುಗಿತು. ಅವರು ಮತ್ತೆ ಪುಸ್ತಕ ಕೇಳಲಿಲ್ಲ. ಎರಡು ವರ್ಷಗಳ ಅನಂತರ ವರ್ಗವಾಗಿ ಹೊರಟಾಗ, ಬೀಳ್ಕೊಡಲು ಹೋದ ನನ್ನ ಕೈ ಹಿಡಿದುಕೊಂಡು ನಗುತ್ತ ಹೇಳಿದರು: “ನಿಮ್ಮ ಕನ್ನಡ ಬಹಳ ದೊಡ್ಡದು ಸಾರ್. ನನಗೆ ಸಣ್ಣದೊಂದು ಬೇಕಾಗಿತ್ತು.”

ಆ ಮಾತು ಇಂದಿಗೂ ನನ್ನನ್ನು ಚುಚ್ಚುತ್ತದೆ. ಆದರೆ ಅದೇ ನನ್ನನ್ನು ಒಂದು ಚರಿತ್ರೆಯ ಕಡೆಗೆ ತಿರುಗಿಸಿತು ಎಂಬುದನ್ನೂ ಹೇಳಬೇಕು. ಪರಭಾಷೆಯನ್ನು ಕಲಿಯುವವನ ಕೈಗೆ ಅವನ ಶಕ್ತಿಗೆ ತಕ್ಕ ಪುಸ್ತಕವನ್ನು ಕೊಡುವುದು ಹೇಗೆ ಎಂಬ ಪ್ರಶ್ನೆಯನ್ನು ನೂರಿಪ್ಪತ್ತೈದು ವರ್ಷಗಳ ಅವಧಿಯಲ್ಲಿ ಮೂರು ಬಾರಿ ಎದುರಿಸಿದ ನಾಡು, ಆ ಸ್ನೇಹಿತರ ಹುಟ್ಟುನಾಡಾದ ಬಂಗಾಳವೇ. ಆ ಕಥೆಯನ್ನು ಈಹೊತ್ತು ನಿಮ್ಮ ಮುಂದಿಡಬೇಕೆಂದಿದ್ದೇನೆ.

ಮೊದಲನೆಯ ಅಂಕ ತೆರೆಯುವುದು 1800ರಲ್ಲಿ. ಗವರ್ನರ್ ಜನರಲ್ ವೆಲ್ಲೆಸ್ಲಿ ಕಲ್ಕತ್ತೆಯಲ್ಲಿ ಫೋರ್ಟ್ ವಿಲಿಯಂ ಕಾಲೇಜನ್ನು ಸ್ಥಾಪಿಸಿದ. ಇಂಗ್ಲೆಂಡಿನಿಂದ ಹಡಗಿನಲ್ಲಿ ಬಂದಿಳಿಯುತ್ತಿದ್ದ ಕಂಪನಿಯ ಅಧಿಕಾರಿಗಳು ಮೀಸೆ ಚಿಗುರುತ್ತಿದ್ದ ಹುಡುಗರು. ಕಂದಾಯ ವಸೂಲು ಮಾಡಬೇಕು, ನ್ಯಾಯ ತೀರಿಸಬೇಕು. ಜನರ ಭಾಷೆ ಮಾತ್ರ ಬಾರದು. ಅವರಿಗೆ ದೇಶಭಾಷೆಗಳನ್ನು ಕಲಿಸುವುದೇ ಆ ಕಾಲೇಜಿನ ಉದ್ದೇಶ. 1801ರಲ್ಲಿ ಬಂಗಾಳಿಯನ್ನು ಕಲಿಸಲು ನೇಮಕಗೊಂಡವನು ಶ್ರೀರಾಮಪುರದ ಮಿಷನರಿ ವಿಲಿಯಂ ಕೇರಿ. ಪಾಠ ಹೇಳಲು ಕುಳಿತವನಿಗೆ ಎದುರಾದ ಮೊದಲ ತೊಡಕೆಂದರೆ, ವಿದ್ಯಾರ್ಥಿಯ ಕೈಗೆ ಕೊಡಲು ತಕ್ಕ ಗದ್ಯಪುಸ್ತಕಗಳೇ ಇಲ್ಲದಿದ್ದುದು. ಬಂಗಾಳಿಯಲ್ಲಿ ಕೃತ್ತಿವಾಸನ ರಾಮಾಯಣವಿತ್ತು, ಕಾಶೀರಾಮ ದಾಸನ ಮಹಾಭಾರತವಿತ್ತು, ಪದಾವಳಿಗಳಿದ್ದವು. ಎಲ್ಲವೂ ಪದ್ಯ. ನಾನು ನನ್ನ ಸ್ನೇಹಿತರಿಗೆ ಕುಮಾರವ್ಯಾಸನನ್ನು ಕೊಟ್ಟಂತೆ, ಕೇರಿಯೂ ಆ ಹುಡುಗರಿಗೆ ಕೃತ್ತಿವಾಸನನ್ನು ಕೊಟ್ಟು ಕೈತೊಳೆದುಕೊಳ್ಳಬಹುದಾಗಿತ್ತು. ಅವನು ಹಾಗೆ ಮಾಡಲಿಲ್ಲ. ಪುಸ್ತಕಗಳನ್ನು ಬರೆದ, ಬರೆಸಿದ.

1801ರಲ್ಲಿ ಕೇರಿಯ ಹೆಸರಿನಲ್ಲಿ ‘ಕಥೋಪಕಥನ’ ಹೊರಬಂದಿತು. ಅದು ಸಂಭಾಷಣೆಗಳ ಪುಸ್ತಕ. ಒಂದು ಕಡೆ ಬಂಗಾಳಿ, ಇನ್ನೊಂದು ಕಡೆ ಅದರ ಇಂಗ್ಲಿಷ್. ಸಾಲ ಕೊಡುವವನು, ಕೂಲಿಯವನು, ಮೀನು ಹಿಡಿಯುವವನು, ಜಗಳವಾಡುವ ಹೆಂಗಸರು, ಹೀಗೆ ಬೀದಿಯ ಬಾಳೆಲ್ಲ ತನ್ನದೇ ಮಾತಿನಲ್ಲಿ ಅಲ್ಲಿ ಬಂದು ನಿಂತಿತು. ಅದೇ ವರ್ಷ ಮುನ್ಷಿ ರಾಮರಾಮ ಬಸು ರಾಜಾ ಪ್ರತಾಪಾದಿತ್ಯನ ಚರಿತ್ರೆಯನ್ನು ಬರೆದರು. 1802ರಲ್ಲಿ ಪಂಡಿತ ಮೃತ್ಯುಂಜಯ ವಿದ್ಯಾಲಂಕಾರರ ‘ಬತ್ರಿಶ ಸಿಂಹಾಸನ’, 1805ರಲ್ಲಿ ಚಂಡೀಚರಣ ಮುನ್ಷಿಯವರ ಗಿಳಿಯ ಕಥೆಗಳು ಬಂದವು. ಬತ್ತೀಸ ಪುತ್ಥಳಿಯ ಕಥೆಯನ್ನೂ ಶುಕಸಪ್ತತಿಯನ್ನೂ ಅಜ್ಜಿಯ ಬಾಯಿಂದ ಕೇಳಿ ಬೆಳೆದ ನಮಗೆ ಇವು ನೆಂಟರಂತೆ ತೋರುತ್ತವೆ. ಈ ಪುಸ್ತಕಗಳೆಲ್ಲವೂ ಸುಲಭವಾಗಿದ್ದವೆಂದು ನಾನು ಹೇಳಲಾರೆ. ಒಂದರಲ್ಲಿ ಸಂಸ್ಕೃತದ ಭಾರ, ಮತ್ತೊಂದರಲ್ಲಿ ಪಾರಸಿಯ ಭಾರ. ಆದರೂ ಇವುಗಳಲ್ಲಿ ಹೆಚ್ಚಿನವುಗಳ ಹಿಂದಿನ ತಿಳಿವಳಿಕೆ ಒಂದೇ: ವ್ಯಾಕರಣ ಮತ್ತು ನಿಘಂಟು ಸಾಲವು, ಕಲಿಯುವವನನ್ನು ಪುಟದಿಂದ ಪುಟಕ್ಕೆ ಎಳೆದೊಯ್ಯುವ ಕಥೆ ಬೇಕು. ಬಂಗಾಳಿ ಗದ್ಯದ ಚರಿತ್ರೆಯನ್ನು ಬರೆಯುವವರೆಲ್ಲ ಈ ಪಠ್ಯಗಳನ್ನು ದಾಟಿಯೇ ಹೋಗಬೇಕಾಗಿದೆ.

ಮದರಾಸಿನಲ್ಲಿಯೂ ಇಂಥದೇ ಏರ್ಪಾಡು ನಡೆಯಿತು. 1812ರಲ್ಲಿ ಅಲ್ಲಿ ಸ್ಥಾಪಿತವಾದ ಫೋರ್ಟ್ ಸೇಂಟ್ ಜಾರ್ಜ್ ಕಾಲೇಜು ದಕ್ಷಿಣದ ಭಾಷೆಗಳನ್ನು ಅಧಿಕಾರಿಗಳಿಗೆ ಕಲಿಸಿತು. ಜಾನ್ ಮೆಕೆರೆಲ್ಲನ ಕನ್ನಡ ವ್ಯಾಕರಣ 1820ರಲ್ಲಿ ಅಚ್ಚಾದುದು ಮದರಾಸಿನಲ್ಲಿಯೇ. ಆಳುವವನು ಪ್ರಜೆಯ ಭಾಷೆಯನ್ನು ಕಲಿಯಬೇಕಾದಾಗ ಸರ್ಕಾರವೇ ಹಣ ಕೊಟ್ಟು, ಪಂಡಿತರನ್ನು ಕೂಡಿಸಿ, ದಾರಿಯ ಏರನ್ನು ತಗ್ಗಿಸಿಕೊಟ್ಟಿತು ಎಂಬುದನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ಏಕೆಂದರೆ ಪ್ರಜೆಯ ಮಗ ಆಳುವವನ ಭಾಷೆಯನ್ನು ಕಲಿಯಹೊರಟಾಗ ನಡೆದುದು ಬೇರೆ.

1817ರಲ್ಲಿ ಕಲ್ಕತ್ತೆಯಲ್ಲಿ ಹಿಂದೂ ಕಾಲೇಜು ಪ್ರಾರಂಭವಾಯಿತು. 1835ರಲ್ಲಿ ಮೆಕಾಲೆಯ ಟಿಪ್ಪಣಿ ಬಂತು. 1857ರಲ್ಲಿ ವಿಶ್ವವಿದ್ಯಾನಿಲಯಗಳು ಬಂದವು. ಬಂಗಾಳದ ಹುಡುಗನ ಮುಂದೆ ಷೇಕ್ಸ್‌ಪಿಯರನನ್ನೂ ಮಿಲ್ಟನ್ನನನ್ನೂ ತಂದಿಟ್ಟರು. ಅವರು ಮಹಾಕವಿಗಳೆಂಬುದರಲ್ಲಿ ಸಂದೇಹವೇನು? ಆ ಹುಡುಗರಲ್ಲಿ ಅಸಾಧಾರಣ ಪ್ರತಿಭೆಯುಳ್ಳ ಕೆಲವರು ಆ ಎತ್ತರಕ್ಕೆ ಹಾರಿ ಕುಳಿತದ್ದೂ ನಿಜ. ಮೈಕೇಲ್ ಮಧುಸೂದನ ದತ್ತರು ಆ ಕಾಲೇಜಿನಿಂದಲೇ ಬಂದವರು. ಉಳಿದವರ ಗತಿ? ಅವರಿಗೆ ಟಿಪ್ಪಣಿಗಳು ಬಂದವು, ಪ್ರಶ್ನೋತ್ತರ ಮಾಲೆಗಳು ಬಂದವು, ಉರುಹೊಡೆಯುವ ವಿದ್ಯೆ ಬಂದಿತು. ಅಧಿಕಾರಿಯ ಮಗನಿಗೆ ಗಿಳಿಯ ಕಥೆ. ರೈತನ ಮಗನಿಗೆ ‘ಪ್ಯಾರಡೈಸ್ ಲಾಸ್ಟ್’! ಮಾಳಿಗೆಯನ್ನು ತೋರಿಸಿದರು, ಏಣಿಯನ್ನು ಇಡಲಿಲ್ಲ.

ಎರಡನೆಯ ಅಂಕದ ನಾಯಕರು ಈಶ್ವರಚಂದ್ರ ವಿದ್ಯಾಸಾಗರರು. ಇಲ್ಲಿ ಕಲಿಯಬೇಕಾದ ಭಾಷೆ ಸಂಸ್ಕೃತ. ಸಂಸ್ಕೃತ ಪರಭಾಷೆಯೇ ಎಂದು ಕೆಲವರು ಹುಬ್ಬೇರಿಸಬಹುದು. ಮನೆಯಲ್ಲಿ ಆಡದ ಭಾಷೆಯನ್ನು ಪುಸ್ತಕದಿಂದ ಕಲಿಯುವ ಬಾಲಕನಿಗೆ ಅದರ ಕಷ್ಟ ಪರಭಾಷೆಯ ಕಷ್ಟವೇ. ಕಲ್ಕತ್ತೆಯ ಸಂಸ್ಕೃತ ಕಾಲೇಜಿನಲ್ಲಿ ಹುಡುಗರು ವೋಪದೇವನ ‘ಮುಗ್ಧಬೋಧ’ವೆಂಬ ವ್ಯಾಕರಣದಿಂದ ಆರಂಭಿಸುತ್ತಿದ್ದರು. ಆ ಗ್ರಂಥ ಸಂಸ್ಕೃತದಲ್ಲಿದೆ. ಎಂದರೆ ಸಂಸ್ಕೃತವನ್ನು ಕಲಿಯಲು ವ್ಯಾಕರಣವನ್ನು ಓದಬೇಕು. ಆ ವ್ಯಾಕರಣವನ್ನು ಓದಲು ಸಂಸ್ಕೃತ ಬರಬೇಕು. ಮದುವೆಯಾಗದ ಹೊರತು ಹುಚ್ಚು ಬಿಡುವುದಿಲ್ಲ, ಹುಚ್ಚು ಬಿಡದ ಹೊರತು ಮದುವೆಯಾಗುವುದಿಲ್ಲ ಎಂಬ ನಮ್ಮ ಗಾದೆಯಂತೆಯೇ ಸರಿ. ವಿದ್ಯಾಸಾಗರರೂ ಬಾಲ್ಯದಲ್ಲಿ ಆ ಗಾಣವನ್ನು ಸುತ್ತಿದವರೇ.

1851ರಲ್ಲಿ ಅವರು ಅದೇ ಕಾಲೇಜಿನ ಪ್ರಿನ್ಸಿಪಾಲರಾದರು. ಆ ವರ್ಷವೇ ಸಂಸ್ಕೃತ ವ್ಯಾಕರಣದ ‘ಉಪಕ್ರಮಣಿಕಾ’ವನ್ನು ಬಂಗಾಳಿಯಲ್ಲಿ ಬರೆದು ಅಚ್ಚುಹಾಕಿಸಿದರು. ಅದರ ಜೊತೆಗೆ 1851-52ರಲ್ಲಿ ‘ಋಜುಪಾಠ’ವೆಂಬ ವಾಚನಮಾಲೆಯನ್ನು ಮೂರು ಭಾಗಗಳಲ್ಲಿ ಸಿದ್ಧಪಡಿಸಿದರು. ಋಜು ಎಂದರೆ ನೇರವಾದುದು, ಸರಳವಾದುದು. ಮೊದಲ ಭಾಗಕ್ಕೆ ಅವರು ಆರಿಸಿಕೊಂಡದ್ದು ಪಂಚತಂತ್ರದ ಕಥೆಗಳನ್ನು. ಹುಡುಗ ಸ್ವಲ್ಪ ವ್ಯಾಕರಣ ಕಲಿಯಬೇಕು. ಕಲಿತ ಕೂಡಲೆ ಕಥೆಯನ್ನೋದಬೇಕು. ಓದಿ ಬಲಗೊಂಡ ಮೇಲೆ ಮುಂದಿನ ಮೆಟ್ಟಿಲಿಗೆ ಹೋಗಬೇಕು. ಈ ವಿವೇಕ ಅವರಿಗೆ ಒದಗಿದುದು ಆಕಸ್ಮಿಕವಲ್ಲವೆಂದು ನನ್ನ ಎಣಿಕೆ. ಅದಕ್ಕೆ ಮೊದಲು ಅವರು ಫೋರ್ಟ್ ವಿಲಿಯಂ ಕಾಲೇಜಿನಲ್ಲಿ ಪಂಡಿತರಾಗಿದ್ದವರು. 1847ರಲ್ಲಿ ಪ್ರಕಟವಾದ ಅವರ ‘ಬೇತಾಳ ಪಂಚವಿಂಶತಿ’ ಅಲ್ಲಿನ ವಿದ್ಯಾರ್ಥಿಗಳಿಗಾಗಿ ಹಿಂದಿಯಿಂದ ತಂದ ಕೃತಿ. ಇಂಗ್ಲಿಷ್ ತರುಣನಿಗೆ ಬೇತಾಳನ ಕಥೆ ಹೇಳಿ ಬಂಗಾಳಿ ಕಲಿಸಿದ ಪಂಡಿತ, ಬಂಗಾಳದ ಬಾಲಕನಿಗೆ ಸಿಂಹ-ನರಿಗಳ ಕಥೆ ಹೇಳಿ ಸಂಸ್ಕೃತ ಕಲಿಸಿದ. ಹಿಂದೆ ಆಳುವವನಿಗೆ ದೊರೆತಿದ್ದ ಸೌಲಭ್ಯವನ್ನು ಸ್ವಂತ ಜನರ ಮಕ್ಕಳಿಗೂ ದೊರಕಿಸಿಕೊಟ್ಟ ಎನ್ನಬಹುದು.

ಇಂಗ್ಲಿಷಿನ ಪಾಡು ಮಾತ್ರ ಹಾಗೆಯೇ ಉಳಿಯಿತು. 1892ರಲ್ಲಿ ರವೀಂದ್ರನಾಥ ಠಾಕೂರರು ‘ಶಿಕ್ಷಾರ್ ಹೇರ್‌ಫೇರ್’ ಎಂಬ ಪ್ರಬಂಧವನ್ನು ಬರೆದು, ವ್ಯಾಕರಣ ನಿಘಂಟುಗಳ ನಡುವೆ ಸಿಲುಕಿದ ಬಂಗಾಳದ ಮಗುವಿಗೆ ಸಂತೋಷಕ್ಕಾಗಿ ಓದುವ ಅವಕಾಶವೇ ಇಲ್ಲವೆಂದು ಮರುಗಿದರು. ಆ ಮರುಕಕ್ಕೆ ಇಂಗ್ಲಿಷಿನ ಮಟ್ಟಿಗೆ ಉತ್ತರ ಹುಡುಕಿದವನು ಒಬ್ಬ ಇಂಗ್ಲಿಷಿನವನೇ ಆದುದು ಈ ನಾಟಕದ ಮೂರನೆಯ ಅಂಕ.

ಆತನ ಹೆಸರು ಮೈಕೇಲ್ ವೆಸ್ಟ್. 1888ರಲ್ಲಿ ಜನಿಸಿದವನು. ಭಾರತದ ಶಿಕ್ಷಣ ಸೇವೆಗೆ ಸೇರಿ ಬಂಗಾಳಕ್ಕೆ ಬಂದು, ಇಂದು ಬಾಂಗ್ಲಾದೇಶದ ರಾಜಧಾನಿಯಾಗಿರುವ ಢಾಕಾದಲ್ಲಿ ಶಿಕ್ಷಕರ ತರಬೇತಿ ಕಾಲೇಜಿನ ಪ್ರಿನ್ಸಿಪಾಲನಾದ. ಅಲ್ಲಿನ ಶಾಲೆಗಳಲ್ಲಿ ತಾನು ಕಂಡುದನ್ನೂ ನಡೆಸಿದ ಪ್ರಯೋಗಗಳನ್ನೂ 1926ರಲ್ಲಿ ‘ಬೈಲಿಂಗ್ವಲಿಸಂ’ ಎಂಬ ವರದಿಯಾಗಿ ಪ್ರಕಟಿಸಿದ. ಆತ ಕೇಳಿದ ಪ್ರಶ್ನೆ ಬಹಳ ಸರಳವಾದುದು: ಶಾಲೆಗೆ ಸೇರಿದ ಹುಡುಗರಲ್ಲಿ ಹೆಚ್ಚಿನವರು ಕೊನೆಯ ತರಗತಿಯನ್ನು ಮುಟ್ಟುವ ಮೊದಲೇ ಬಿಟ್ಟು ಹೋಗುತ್ತಾರಲ್ಲ, ನಡುವೆ ಬಿಟ್ಟು ಹೋದವನ ಕೈಯಲ್ಲಿ ಏನು ಉಳಿಯುತ್ತದೆ?

ಇದಕ್ಕೆ ಆತ ವಿಮೆಯ ವ್ಯವಹಾರದಿಂದ ಒಂದು ಮಾತನ್ನು ಎರವಲು ತಂದ: ‘ಸರೆಂಡರ್ ವ್ಯಾಲ್ಯೂ’. ವಿಮೆಯ ಕಂತನ್ನು ಕೊನೆಯವರೆಗೆ ಕಟ್ಟಲಾರದೆ ಪಾಲಿಸಿಯನ್ನು ಹಿಂದಿರುಗಿಸಿದವನಿಗೂ ಒಂದಿಷ್ಟು ಹಣ ಮರಳಿ ಬರುತ್ತದೆ. ಭಾಷೆಯ ಪಾಠಕ್ಕೂ ಅಂಥದೊಂದು ಬೆಲೆ ಇರಬೇಡವೆ? ನಾಲ್ಕು ವರ್ಷ ವ್ಯಾಕರಣದ ರೂಪಗಳನ್ನು ಉರುಹೊಡೆದು ಶಾಲೆ ಬಿಟ್ಟವನಿಗೆ ಮರಳುವುದು ಸೊನ್ನೆ. ಅದೇ ನಾಲ್ಕು ವರ್ಷದಲ್ಲಿ ಸುಲಭವಾದ ಪುಸ್ತಕವನ್ನು ತಾನೇ ಓದಿಕೊಳ್ಳಬಲ್ಲವನಾದರೆ, ಶಾಲೆ ಬಿಟ್ಟ ಮೇಲೂ ಅವನ ಕಲಿಕೆ ನಿಲ್ಲುವುದಿಲ್ಲ. ಆದುದರಿಂದ ಮಾತಿಗಿಂತ ಮೊದಲು ಓದು ಎಂದು ವೆಸ್ಟ್ ವಾದಿಸಿದ. ಬಂಗಾಳಿಯ ಸ್ಥಾನದಲ್ಲಿ ಇಂಗ್ಲಿಷನ್ನು ಕೂಡಿಸುವುದು ಆತನ ಉದ್ದೇಶವಾಗಿರಲಿಲ್ಲ. ತಾಯ್ನುಡಿಯಲ್ಲಿ ಇನ್ನೂ ಬಾರದಿದ್ದ ವಿಷಯಜ್ಞಾನವನ್ನು ಪಡೆಯಲು ಇಂಗ್ಲಿಷಿನ ಓದು ಬೇಕೆಂಬುದು ಆತನ ನಿಲುವು.

ಆ ಓದಿಗೆ ಅಡ್ಡ ಬಂದುದು ಪುಸ್ತಕಗಳೇ. ಅಂದಿನ ಪಾಠಮಾಲೆಗಳನ್ನು ಆತ ಪರೀಕ್ಷಿಸಿದಾಗ ಎರಡು ದೋಷಗಳು ಕಂಡವು. ಕಾವ್ಯದಲ್ಲಿ ಮಾತ್ರ ಉಳಿದ ಹಳೆಯ ಪದಗಳನ್ನು ಮೊದಲ ತರಗತಿಗಳಲ್ಲೇ ತುಂಬಿದ್ದರು. ಹೊಸ ಪದಗಳನ್ನು ಒಂದರ ಬೆನ್ನಿಗೊಂದು ಗುಂಪಾಗಿ ನುಗ್ಗಿಸಿದ್ದರು. ಒಂದನ್ನು ಅರಗಿಸಿಕೊಳ್ಳುವ ಮೊದಲೇ ಇನ್ನೊಂದು. ವೆಸ್ಟ್ ಮಾಡಿದ ಪರಿಹಾರ ನಮ್ಮ ತಾಯಂದಿರು ಕೂಸಿಗೆ ಅನ್ನ ಕಲಸುವ ರೀತಿಯದು. ವಿರಳ ಪದವನ್ನು ತೆಗೆದು ಬಳಕೆಯ ಪದವನ್ನು ಇಟ್ಟ. ಸುಮಾರು ಐವತ್ತು ಪದಗಳು ಸಾಗಿದ ಮೇಲೆ ಒಂದು ಹೊಸ ಪದ ಬರುವಂತೆ ಏರ್ಪಡಿಸಿದ. ಬಂದ ಪದ ಮತ್ತೆ ಮತ್ತೆ ಎದುರಾಗುವಂತೆ ನೋಡಿಕೊಂಡ. ಯಾವ ಪದ ಬಳಕೆಯದು ಎಂದು ನಿರ್ಧರಿಸಲು ಅಮೆರಿಕದ ಥಾರ್ನ್‌ಡೈಕ್ 1921ರಲ್ಲಿ ಪ್ರಕಟಿಸಿದ್ದ 10,000 ಪದಗಳ ಪಟ್ಟಿ ನೆರವಾಯಿತು. ಹೀಗೆ ಹುಟ್ಟಿದ ‘ನ್ಯೂ ಮೆಥಡ್’ ಪಾಠಮಾಲೆಯನ್ನು ಲಾಂಗ್‌ಮನ್ಸ್ ಸಂಸ್ಥೆ ಪ್ರಕಟಿಸಿತು.

ಇದರ ಮುಂದಿನ ಕಥೆಯನ್ನು ಬೇಗ ಹೇಳಿ ಮುಗಿಸುತ್ತೇನೆ. 1922ರಿಂದ ಜಪಾನಿನಲ್ಲಿ ದುಡಿಯುತ್ತಿದ್ದ ಹೆರಾಲ್ಡ್ ಪಾಮರ್ ಎಂಬ ವಿದ್ವಾಂಸನ ಮತ ‘ಮಾತು ಮೊದಲು’ ಎಂಬುದು. ಓದು ಮೊದಲೆನ್ನುವ ವೆಸ್ಟ್, ಮಾತು ಮೊದಲೆನ್ನುವ ಪಾಮರ್, ಪದಗಳನ್ನು ಎಣಿಸಿದ ಥಾರ್ನ್‌ಡೈಕ್ 1934ರಲ್ಲಿ ನ್ಯೂಯಾರ್ಕಿನಲ್ಲಿ ಒಂದೇ ಮೇಜಿನ ಸುತ್ತ ಸೇರಿದರು. 1935ರಲ್ಲಿ ವೆಸ್ಟ್ ಮತ್ತು ಎಂಡಿಕಾಟ್ ಕೂಡಿ, ಕೇವಲ 1,490 ಪದಗಳನ್ನು ಬಳಸಿ ಸುಮಾರು 24,000 ಪದ ಮತ್ತು ನುಡಿಗಟ್ಟುಗಳಿಗೆ ಅರ್ಥ ಹೇಳುವ ನಿಘಂಟನ್ನು ತಂದರು. 1953ರಲ್ಲಿ ಸುಮಾರು 2,000 ಮೂಲಪದಗಳ ಪಟ್ಟಿ ವೆಸ್ಟ್‌ನ ಸಂಪಾದಕತ್ವದಲ್ಲಿ ಹೊರಬಂತು. ಇಂದು ಇಂಗ್ಲಿಷ್ ಕಲಿಯುವವರಿಗಾಗಿ ಮಟ್ಟಕ್ಕೊಂದರಂತೆ ಹೊರಡುವ ಸಂಕ್ಷಿಪ್ತ ಕಾದಂಬರಿಗಳ ವಂಶವೃಕ್ಷದಲ್ಲಿ ಢಾಕಾದ ಆ ತರಗತಿಗಳು ಒಂದು ಮುಖ್ಯ ಬೇರು.

ಕೇಳುಗರಲ್ಲಿ ಸಾಹಿತ್ಯಾಭಿಮಾನಿಗಳು ಇಲ್ಲೊಂದು ಆಕ್ಷೇಪವನ್ನು ಎತ್ತಬಹುದು. ಸುಲಭಗೊಳಿಸಿದ ರಾಬಿನ್ಸನ್ ಕ್ರೂಸೋ ಡೀಫೋನ ಕೃತಿಯೇ? ಕೆನೆ ತೆಗೆದ ಹಾಲಲ್ಲವೆ ಅದು? ಈ ಆಕ್ಷೇಪವನ್ನು ನಾನೂ ಗಟ್ಟಿಯಾಗಿ ಹೇಳುತ್ತಿದ್ದವನೇ. ತರಗತಿಯಲ್ಲಿ ಅಂಥ ಪುಸ್ತಕ ಹಿಡಿದು ಕುಳಿತ ವಿದ್ಯಾರ್ಥಿಯೊಬ್ಬನನ್ನು ಹಾಸ್ಯ ಮಾಡಿದ ಪಾಪವೂ ನನ್ನ ಲೆಕ್ಕದಲ್ಲಿದೆ. ಹಾಗೆ ಹಾಸ್ಯ ಮಾಡುವಾಗ ನಾನು ನನ್ನ ಕಥೆಯನ್ನೇ ಮರೆತಿದ್ದೆ. ನಾನು ಹಳ್ಳಿಯ ಶಾಲೆಯಿಂದ ಬಂದವನು. ಪದವಿಪೂರ್ವ ತರಗತಿಗೆ ಸೇರಿದಾಗ ಜಂಬದಿಂದ ಡಿಕನ್ಸನ ದೊಡ್ಡ ಕಾದಂಬರಿಯೊಂದನ್ನು ತಂದು, ಪಕ್ಕದಲ್ಲಿ ನಿಘಂಟನ್ನಿಟ್ಟುಕೊಂಡು ಓದತೊಡಗಿದೆ. ನಾಲ್ಕು ರಾತ್ರಿಗಳಲ್ಲಿ ಮೂರು ಪುಟ! ಐದನೆಯ ರಾತ್ರಿ, ಇಂಗ್ಲಿಷ್ ನನ್ನ ಹಣೆಯಲ್ಲಿ ಬರೆದಿಲ್ಲವೆಂದು ಪುಸ್ತಕವನ್ನು ಮುಚ್ಚಿದೆ. ಕಾಲೇಜಿನ ಗ್ರಂಥಪಾಲಕರು ಅದನ್ನು ಹಿಂದಕ್ಕೆ ತೆಗೆದುಕೊಳ್ಳುವಾಗ ನನ್ನ ಮುಖ ನೋಡಿದರು. ಒಂದು ಮಾತೂ ಆಡದೆ ಒಳಗಿನಿಂದ ನೂರು ಪುಟದ ತೆಳ್ಳನೆಯ ಪುಸ್ತಕವೊಂದನ್ನು ತಂದುಕೊಟ್ಟರು. ಅದೇ ಕಾದಂಬರಿ, ಸುಲಭ ಇಂಗ್ಲಿಷಿನಲ್ಲಿ. ಒಂದೇ ಭಾನುವಾರ ಓದಿ ಮುಗಿಸಿದೆ. ಇಂಗ್ಲಿಷಿನಲ್ಲಿ ನಾನು ಮುಗಿಸಿದ ಮೊದಲ ಪುಸ್ತಕ ಅದು. ‘ಮುಗಿಸಿದೆ’ ಎಂಬ ಆ ಒಂದು ಮಾತು ನನ್ನಲ್ಲಿ ತುಂಬಿದ ಧೈರ್ಯವನ್ನು ಯಾವ ವ್ಯಾಕರಣವೂ ತುಂಬಿರಲಿಲ್ಲ. ಮೂಲ ಕಾದಂಬರಿಯನ್ನು ಆರು ವರ್ಷಗಳ ಮೇಲೆ ಓದಿದೆ. ಕೆನೆ ತೆಗೆದ ಹಾಲು ಕುಡಿದವನಿಗೇ ಕೆನೆಯ ರುಚಿ ಕೇಳುವ ನಾಲಗೆ ಬಂದದ್ದು. ಏಣಿಯೇ ಮಾಳಿಗೆಯಲ್ಲ, ನಿಜ. ಏಣಿಯನ್ನು ಹೀಗಳೆಯುವವನು ಮೇಲೆ ಹುಟ್ಟಿದವನೋ ಹತ್ತಿದ್ದನ್ನು ಮರೆತವನೋ ಆಗಿರುತ್ತಾನೆ.

ವೆಸ್ಟ್ ಕಂಡುಕೊಂಡುದನ್ನು ಮುಂದಿನವರ ಪರೀಕ್ಷೆಗಳೂ ಎತ್ತಿ ಹಿಡಿದಿವೆ. 1980ರಲ್ಲಿ ಫಿಜಿ ದ್ವೀಪಗಳ ಹಳ್ಳಿಶಾಲೆಗಳಲ್ಲಿ ಎಲ್ಲಿ ಮತ್ತು ಮಂಗುಭಾಯಿ ಎಂಬ ಇಬ್ಬರು ಸಂಶೋಧಕರು ತರಗತಿಗೆ 250ರಂತೆ ಇಂಗ್ಲಿಷ್ ಕಥೆಪುಸ್ತಕಗಳನ್ನು ಒದಗಿಸಿ ನೋಡಿದರು. ಪುಸ್ತಕ ಪಡೆದ ಮಕ್ಕಳ ಓದಿನ ತಿಳಿವಳಿಕೆ, ಪಾಠವನ್ನಷ್ಟೇ ಕಲಿತವರ ಸುಮಾರು ಇಮ್ಮಡಿ ವೇಗದಲ್ಲಿ ಬೆಳೆಯಿತು. ಎರಡನೆಯ ವರ್ಷದಲ್ಲಿ ಆ ಲಾಭ ಬರವಣಿಗೆಗೂ ಹರಡಿತು. 2000ದಲ್ಲಿ ಹೂ ಮತ್ತು ನೇಷನ್ ಎಂಬ ವಿದ್ವಾಂಸರು, ಕಥೆಯೊಂದನ್ನು ಯಾರ ನೆರವೂ ಇಲ್ಲದೆ ಸುಖವಾಗಿ ತಿಳಿಯಬೇಕಾದರೆ ನೂರಕ್ಕೆ 98ರಷ್ಟು ಪದಗಳು ಮೊದಲೇ ಗೊತ್ತಿರಬೇಕೆಂದು ಪ್ರಯೋಗದಿಂದ ತೋರಿಸಿದರು. ನೂರಕ್ಕೆ ಎರಡು ಎಂದರೆ ಐವತ್ತಕ್ಕೊಂದು. ಢಾಕಾದ ಶಿಕ್ಷಕನು ಮುಕ್ಕಾಲು ಶತಮಾನದ ಹಿಂದೆ ಹಾಕಿದ್ದ ಅಳತೆಯೂ ಅದೇ ಅಲ್ಲವೆ?

ಹೀಗಾಗಿ, ಯಾವ ಭಾಷೆಯನ್ನಾಗಲಿ ಹೊಸದಾಗಿ ಕಲಿಯುವವರಿಗೆ ಒಂದು ಉಪಾಯವನ್ನು ಹೇಳುತ್ತೇನೆ. ಪುಸ್ತಕದ ನಡುವಿನ ಒಂದು ಪುಟವನ್ನು ತೆರೆಯಿರಿ. ಸಾಧಾರಣವಾಗಿ ಒಂದು ಪುಟದಲ್ಲಿ ಇನ್ನೂರೈವತ್ತು ಮುನ್ನೂರು ಪದಗಳಿರುತ್ತವೆ. ಅರಿಯದ ಪದಗಳನ್ನು ಬೆರಳು ಮಡಿಸಿ ಎಣಿಸಿ. ಒಂದು ಕೈಯ ಬೆರಳು ಮುಗಿದು ಎರಡನೆಯ ಕೈಯನ್ನು ಬೇಡಿದರೆ ಆ ಪುಸ್ತಕವನ್ನು ನಮಸ್ಕಾರಪೂರ್ವಕವಾಗಿ ಮುಂದಿನ ವರ್ಷಕ್ಕೆ ಎತ್ತಿಡಿ. ಕಡಿಮೆಯಾದರೆ ನಿಘಂಟನ್ನು ದೂರವಿಟ್ಟು ಓದಿ. ಅರಿಯದ ಪದ ಮೂರನೆಯ ಸಲ ಎದುರಾಗುವಾಗ ತಾನೇ ತನ್ನ ಪರಿಚಯ ಹೇಳಿಕೊಳ್ಳುತ್ತದೆ. ಮೊದಲೇ ಬಲ್ಲ ಕಥೆಯಾದರೆ ಇನ್ನೂ ಒಳ್ಳೆಯದು. ಟ್ರಾಯ್ ನಗರವನ್ನು ಅಗೆದು ಹೆಸರಾದ ಶ್ಲೀಮನ್, ಟೆಲಿಮಾಕಸನ ಸಾಹಸಗಳ ರಷ್ಯನ್ ಅನುವಾದವನ್ನಿಟ್ಟುಕೊಂಡು ರಷ್ಯನ್ ಕಲಿತದ್ದಾಗಿ ಹೇಳಿಕೊಂಡಿದ್ದಾನೆ. ಆ ಕಥೆ ಅವನಿಗೆ ಮೊದಲೇ ಚೆನ್ನಾಗಿ ತಿಳಿದಿತ್ತು.

ಈ ಶ್ಲೀಮನ್ನನ ಸಂಗತಿಯನ್ನು ಓದಿದ ದಿನ ನಾನು ನನ್ನ ಕಪಾಟಿನ ಮುಂದೆ ಬಹಳ ಹೊತ್ತು ನಿಂತಿದ್ದೆ. ಅಲ್ಲಿ ಬಿ. ವೆಂಕಟಾಚಾರ್ಯರ ‘ದುರ್ಗೇಶನಂದಿನಿ’ ಇತ್ತು. ಬಂಗಾಳಿಯನ್ನು ಕಲಿತು ಬಂಕಿಮಚಂದ್ರರ ಕಾದಂಬರಿಗಳನ್ನು ಕನ್ನಡಕ್ಕೆ ತಂದ ಮಹನೀಯರು ಅವರು. ಅವರ ಕನ್ನಡ ಸಂಸ್ಕೃತಮಯವಾದುದು, ಇಂದಿನ ನಮ್ಮ ಮಕ್ಕಳಿಗೆ ಕಠಿಣ. ಆದರೆ ನನ್ನ ಬಂಗಾಳಿ ಸ್ನೇಹಿತರಿಗೆ? ಆ ತತ್ಸಮ ಪದಗಳಲ್ಲಿ ಬಹುಪಾಲು ಅವರ ಭಾಷೆಯಲ್ಲೂ ಇರುವಂಥವು. ಕಥೆಯಂತೂ ಅವರ ನಾಡಿನದೇ. ಮಟ್ಟವೆಂಬುದು ಪುಸ್ತಕದ ಮೇಲೆ ಅಚ್ಚಾಗಿರುವ ಸಂಖ್ಯೆಯಲ್ಲ. ಅದು ಈ ಓದುಗನಿಗೂ ಈ ಪುಸ್ತಕಕ್ಕೂ ನಡುವೆ ಇರುವ ದೂರ. ಆ ದೂರವನ್ನು ಅಳೆಯುವುದೇ ಕಲಿಸುವವನ ಮೊದಲ ಕೆಲಸ. ನಾನು ಅಳೆಯಲಿಲ್ಲ. ಕೈಯಳತೆಯಲ್ಲಿದ್ದ ಪುಸ್ತಕವನ್ನು ಬಿಟ್ಟು ಕೈಗೆಟುಕದುದನ್ನು ಕೊಟ್ಟೆ.

ಇಂದು ನಮ್ಮ ಊರುಗಳಿಗೆ ದೇಶದ ಎಲ್ಲ ಮೂಲೆಗಳಿಂದ ಜನ ದುಡಿಯಲು ಬರುತ್ತಿದ್ದಾರೆ. ಅವರು ಕನ್ನಡ ಕಲಿಯುವುದಿಲ್ಲವೆಂದು ನಾವು ದೂರುತ್ತೇವೆ. ದೂರಿಗೆ ಕಾರಣವಿಲ್ಲವೆಂದು ನಾನು ಹೇಳುವುದಿಲ್ಲ. ಆದರೆ ಅಕ್ಷರ ಕಲಿತು ಬಂದವನ ಕೈಗೆ ನಾವು ಏನನ್ನು ಕೊಡುತ್ತೇವೆ? ಮಕ್ಕಳ ಕಥೆ ಕೊಟ್ಟರೆ, ಮೀಸೆ ಬಂದವನು ಅಂಬೆಗಾಲಿಟ್ಟಂತೆ ನಾಚುತ್ತಾನೆ. ಕಾವ್ಯ ಕೊಟ್ಟರೆ ನನ್ನ ಸ್ನೇಹಿತರಂತೆ ಕೈಮುಗಿದು ಹಿಂದಿರುಗಿಸುತ್ತಾನೆ. ಬೆಳೆದವರ ಬಾಳಿನ ವಿಷಯ, ಎಳೆಯ ಕಲಿಕೆಗೆ ತಕ್ಕ ಮಾತು, ಇವೆರಡೂ ಕೂಡಿದ ಪುಸ್ತಕಗಳನ್ನು ನಮ್ಮ ಬರಹಗಾರರು ಬರೆಯಬೇಕು. ಅದು ಕೀಳು ಕೆಲಸವಲ್ಲ. ವಿದ್ಯಾಸಾಗರರಂಥವರು ಮಾಡಿದ ಕೆಲಸ.

ನಿವೃತ್ತನಾದ ಮೇಲೆ ನಾನೂ ಅಂಥದೊಂದನ್ನು ಬರೆಯಲು ತೊಡಗಿದ್ದೇನೆ. ನಲವತ್ತು ಪುಟಗಳ ಒಂದು ಕಥೆ. ನಮ್ಮ ಬೀದಿಯ ಕೊನೆಯ ಮನೆಗೆ ದೂರದ ನಾಡಿನಿಂದ ಒಬ್ಬರು ಬಂದು ನೆಲೆಸುವುದೇ ಅದರ ಆರಂಭ. ನನ್ನ ಪಾಂಡಿತ್ಯ ಪ್ರತಿ ಸಾಲಿನಲ್ಲೂ ಅಡ್ಡ ಬರುತ್ತಿದೆ. ಒಂದು ಸುಲಭ ಪದಕ್ಕಾಗಿ ಅರ್ಧ ಗಂಟೆ ಕುಳಿತ ದಿನಗಳುಂಟು. ಮುಗಿದಾಗ ಮೊದಲ ಪ್ರತಿಯನ್ನು ಯಾರಿಗೆ ಕಳುಹಿಸಬೇಕೆಂದು ನನಗೆ ಗೊತ್ತಿದೆ. ಅವರ ವಿಳಾಸವನ್ನು ಹುಡುಕುತ್ತಿದ್ದೇನೆ.